ದೇವರ ಕಟ್ಟಳೆ ಮತ್ತು ಪರರ ಋಣ

(ಶತಮಾನೋತ್ಸವ ಸಮಾರಂಭದಲ್ಲಿ ವಿಚಾರಣಾ ಗುರುಗಳು ನೀಡಿದ ಪ್ರವಚನ)



ನಮ್ಮ ಹಿರಿಯರು ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷಗಳು ತುಂಬಿವೆ. ಇಲ್ಲಿ ಜ್ಞಾನೋಪದೇಶ ಪಡೆದ ಮಕ್ಕಳೆಲ್ಲರೂ ದೇವರ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡಿದ್ದಾರೆ. ಬಾಯಿಗೆ ಬಂದದ್ದು ಬಾಳಿಗೆ ಬಂದಿದೆಯೇ ಎಂದು ಈ ಶುಭ ಸಂದರ್ಭದಲ್ಲಿ ನಾವು ಕೇಳಿಕೊಳ್ಳಬೇಕು. ಹತ್ತನ್ನೂ ವಿವರಿಸಲು ಸಮಯ ಸಾಲದು. ಕದಿಯಬಾರದೆಂಬ ಏಳನೆಯ ಕಟ್ಟಳೆಯೊಂದನ್ನೇ ತೆಗೆದುಕೊಳ್ಳೋಣ. ‘ನಾವೇನು ಕಳ್ಳರೇ?’ ಎಂದು ಎಲ್ಲರೂ ಸುಲಭವಾಗಿ ದಾಟಿಹೋಗುವ ಕಟ್ಟಳೆ ಇದು.

ಸೀನಾಯ್ ಬೆಟ್ಟದಲ್ಲಿ ಕಟ್ಟಳೆಗಳನ್ನು ಕೊಡುವ ಮುನ್ನ ದೇವರು ಇಸ್ರಯೇಲರಿಗೆ, ಈಜಿಪ್ಟಿನ ದಾಸತ್ವದಿಂದ ಅವರನ್ನು ಹೊರತಂದವರು ತಾವೇ ಎಂಬುದನ್ನು ನೆನಪಿಸಿದರು. ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಆದುದರಿಂದ ನಮ್ಮ ವಿಧೇಯತೆಯು ಬಿಡುಗಡೆ ಹೊಂದಿದ ಮಕ್ಕಳ ಕೃತಜ್ಞತೆಯಾಗಿದೆ. ಫರೋಹನ ಬಿಟ್ಟಿಗೆ ಇಟ್ಟಿಗೆ ಮಾಡಿ ಬಳಲಿದ್ದ ಆ ಜನರು ಇನ್ನೊಬ್ಬರ ಬೆವರನ್ನು ಅಪಹರಿಸಬಾರದಿತ್ತು. ಬಡ ಕೂಲಿಯವನ ಕೂಲಿಯನ್ನು ಅಂದೇ, ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ.

ನಿತ್ಯಜೀವವನ್ನು ಹೇಗೆ ಪಡೆಯಲೆಂದು ಸಿರಿವಂತನೊಬ್ಬನು ಕೇಳಿದಾಗ ಯೇಸುಸ್ವಾಮಿ ಅವನ ಗಮನವನ್ನು ಕಟ್ಟಳೆಗಳ ಕಡೆಗೆ ತಿರುಗಿಸಿದರು. ಸಂತ ಮಾರ್ಕನು ಬರೆದಂತೆ, ಅವರು ಹೇಳಿದ ಸಾಲಿನಲ್ಲಿ ಮೋಸಮಾಡಬಾರದೆಂಬ ಮಾತೂ ಇದೆ. ಹತ್ತು ಕಟ್ಟಳೆಗಳ ಪಟ್ಟಿಯಲ್ಲಿ ಆ ಮಾತು ಹಾಗೆಯೇ ಕಂಡುಬರುವುದಿಲ್ಲ. ಮೂಲ ಗ್ರೀಕ್ ಪದಕ್ಕೆ, ಮತ್ತೊಬ್ಬನಿಗೆ ಸಲ್ಲತಕ್ಕದ್ದನ್ನು ಸಲ್ಲಿಸದೆ ತಡೆದಿಡುವುದು ಎಂಬ ಅರ್ಥವಿದೆ. ಕನ್ನ ಹಾಕದೆಯೂ ಬೀಗ ಮುರಿಯದೆಯೂ ಕದಿಯಬಹುದೆಂಬುದು ಪ್ರಭುವಿಗೆ ಗೊತ್ತಿತ್ತು.

ನಮ್ಮಲ್ಲಿಯೂ ಬದು ಒತ್ತಿ ನೆರೆಯವನ ನೆಲವನ್ನು ಸೇರಿಸಿಕೊಂಡವರು ಇಲ್ಲವೇ? ಪತ್ರವಿಲ್ಲವೆಂಬ ಧೈರ್ಯದಿಂದ ಕೈಗಡವನ್ನು ಮರೆತವರು, ತಂಗಿಗೆ ಸಲ್ಲಬೇಕಾದ ಪಾಲನ್ನು ನುಂಗಿದವರು, ಮನೆಗೆಲಸದವಳ ಸಂಬಳವನ್ನು ಮುಂದಿನ ವಾರಕ್ಕೆ ತಳ್ಳುವವರು ಇಲ್ಲವೇ? ಅವಳೇ ಒಪ್ಪಿಕೊಂಡ ಸಂಬಳವೆಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಹಸಿವಿನಿಂದ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗದೆಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು.

ಇಂತಹ ಪಾಪವನ್ನು ಪಾಪನಿವೇದನೆಯಲ್ಲಿ ಹೇಳಿದರೆ ಸಾಕಲ್ಲವೇ ಎನ್ನಬಹುದು. ನಿಜವಾದ ಪಶ್ಚಾತ್ತಾಪವಿದ್ದರೆ ದೇವರು ಕ್ಷಮಿಸುತ್ತಾರೆ. ಆದರೆ ಪರರ ಸ್ವತ್ತನ್ನು ನಿಮಗೆ ಬಿಟ್ಟುಕೊಡುವ ಅಧಿಕಾರ ಯಾವ ಗುರುವಿಗೂ ಇಲ್ಲ. ಅದನ್ನು ಹಿಂದಿರುಗಿಸುವ ಹೊಣೆ ಉಳಿದೇ ಇರುತ್ತದೆ. ಹಿಂದಿರುಗಿಸುವ ಮನಸ್ಸೇ ಇಲ್ಲದಿದ್ದರೆ ಅದೆಂತಹ ಪಶ್ಚಾತ್ತಾಪ?

ಜೆರಿಕೊ ಪಟ್ಟಣದ ಜಕ್ಕಾಯನನ್ನು ನೋಡಿರಿ. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿತ್ತು. ಕುರಿಯನ್ನು ಕದ್ದು ಕೊಯ್ದವನಿಗೆ ನಾಲ್ಕರಷ್ಟು ದಂಡವಿತ್ತು. ಜಕ್ಕಾಯನು ಯಾರೂ ಕೇಳದಿದ್ದರೂ ಆ ನಾಲ್ಕರಷ್ಟನ್ನೇ ಕೊಡುವೆನೆಂದನು. ಆಸ್ತಿಯ ಅರ್ಧವನ್ನು ಬಡವರಿಗೆ ಬಿಟ್ಟುಕೊಟ್ಟನು. ಆ ಮನೆಗೆ ಅಂದು ಜೀವೋದ್ಧಾರ ಬಂದಿತೆಂದು ಪ್ರಭು ಸಾರಿದರು.

ಒಮ್ಮೆಗೇ ತೀರಿಸಲಾಗದವರು ಕಂತಿನಲ್ಲಿ ತೀರಿಸಿರಿ. ಸಲ್ಲಬೇಕಾದವರು ತೀರಿಹೋಗಿದ್ದರೆ ಅವರ ವಾರಸುದಾರರಿಗೆ ಕೊಡಿರಿ. ವಾರಸುದಾರರೂ ಸಿಗದಿದ್ದರೆ ಬಡವರಿಗೆ ಕೊಡಿರಿ. ಹೆಸರು ಹೇಳಲು ನಾಚಿಕೆಯಾದರೆ ಗುಟ್ಟಾಗಿ ತಲುಪಿಸಲು ಗುರುಗಳು ನೆರವಾಗುತ್ತಾರೆ.

ಕೊನೆಯದಾಗಿ, ಈ ಶತಮಾನೋತ್ಸವ ನಿಧಿಗೆ ನೀವು ಉದಾರವಾಗಿ ಕೊಟ್ಟಿದ್ದೀರಿ; ಇನ್ನೂ ಕೊಡುವವರಿದ್ದೀರಿ. ಆದರೆ ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬುದು ಕ್ರಿಸ್ತ ಪ್ರಭುವಿನ ಆಜ್ಞೆ. ಕೂಲಿಯವನಿಗೆ ಸಲ್ಲಬೇಕಾದ ಹಣ ನಿಮ್ಮ ಕೈಯಲ್ಲಿದ್ದರೆ ಅದನ್ನು ಇಲ್ಲಿಗೆ ತರಬೇಡಿರಿ, ಅವನ ಮನೆಗೆ ಕೊಂಡೊಯ್ಯಿರಿ. ನಿಧಿಗೆ ಅಷ್ಟು ಕಡಿಮೆಯಾದರೂ ಚಿಂತೆಯಿಲ್ಲ. ದೇವಾಲಯದ ದುರಸ್ತಿಗೆ ದುಡಿದ ಗಾರೆಯವರ, ಬಣ್ಣದವರ ಲೆಕ್ಕವನ್ನು ಹಬ್ಬಕ್ಕೆ ಮೊದಲೇ ತೀರಿಸುವುದು ನಮ್ಮ ಧರ್ಮಕೇಂದ್ರದ ಕರ್ತವ್ಯವೂ ಆಗಿದೆ.

ಕಟ್ಟಳೆಗಳನ್ನು ಕೈಕೊಂಡು ನಡೆಯುವ ಬಲವನ್ನು ಪ್ರಭು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.