ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಗಿಯಾದ್ರೆ?

ಅಪ್ಪನ ಹಳೇ ಕಾರಲ್ಲಿ ಚಾರ್ಮಾಡಿ ಘಾಟ್ ಇಳೀತಿದ್ದೆ. ಒಂದು ತಿರುವಲ್ಲಿ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯ್ತು. ಎರಡೂ ಕೈಯಲ್ಲಿ ಬಲ ಹಾಕಿದೆ, ತಿರುಗಿತು.

ನೆನಪಿಡಿ, ಪವರ್ ಸ್ಟೀರಿಂಗ್ ಪಂಪ್ ಕೈಕೊಟ್ಟರೂ ಚಕ್ರ ತಿರುಗುತ್ತೆ. ಆಯಿಲ್ ಒತ್ತಡದಿಂದ ನಮ್ಮ ಶ್ರಮ ಕಡಿಮೆ ಮಾಡೋದಷ್ಟೇ ಪಂಪ್ ಕೆಲಸ. ಗಾಬರಿ ಬೇಡ. ವೇಗ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ. ಕಾರು ನಿಲ್ಲೋ ತನಕ ಇಂಜಿನ್ ಆಫ್ ಮಾಡ್ಬೇಡಿ, ಬ್ರೇಕ್ ಕೂಡ ಬಿಗಿಯಾಗುತ್ತೆ. ಆಮೇಲೆ ಬಾನೆಟ್ ಎತ್ತಿ ಬೆಲ್ಟ್, ಸ್ಟೀರಿಂಗ್ ಆಯಿಲ್ ಎರಡನ್ನೂ ನೋಡಿ.

ನನ್ನ ತಪ್ಪೇನು ಗೊತ್ತಾ? ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಒಂದು ತಿಂಗಳಿಂದ 'ಗುಂಯ್' ಅನ್ನೋ ಸದ್ದು ಬರ್ತಿತ್ತು. ನಾನು ಹಾಡಿನ ವಾಲ್ಯೂಮ್ ಏರಿಸಿದೆ. ಪೈಪ್ ಸೋರಿ, ಆಯಿಲ್ ಖಾಲಿಯಾಗಿ, ಪಂಪ್ ಒಳಗೇ ಸವೆದುಹೋಗಿತ್ತು. ಪೈಪಲ್ಲಿ ಮುಗೀಬೇಕಿದ್ದ ಖರ್ಚು ಪಂಪ್ ತನಕ ಹೋಯ್ತು.

ನಿಮ್ಮ ಕಾರೂ ಗುಂಯ್‌ಗುಡ್ತಿದ್ರೆ, ಇವತ್ತೇ ಬಾನೆಟ್ ಎತ್ತಿ.