ಅಪ್ಪಂದಿರ ಹರಟೆ, ಅಮ್ಮಂದಿರ ಲೆಕ್ಕ



ಇವತ್ತು ವಿಧಾನಸೌಧದ ವಿಷಯ ಇಲ್ಲ. ಹೈಕಮಾಂಡ್ ಇಲ್ಲ, ಬಣ ಇಲ್ಲ, ಬಂಡಾಯ ಇಲ್ಲ. ಇವತ್ತು ನಾನು ಹೇಳೋಕೆ ಹೊರಟಿರೋದು ಇಬ್ಬರು ಗಂಡಸರ ಹರಟೆಯ ಬಗ್ಗೆ. ಇಬ್ಬರೂ ಇಂಗ್ಲೆಂಡಿನವರು, ಇಬ್ಬರೂ ಹಾಸ್ಯಗಾರರು. ಮುಖ್ಯವಾಗಿ, ಇಬ್ಬರೂ ಚಿಕ್ಕ ಮಕ್ಕಳ ಅಪ್ಪಂದಿರು. ಒಬ್ಬ ರಾಬ್ ಬೆಕೆಟ್, ಇನ್ನೊಬ್ಬ ಜಾಶ್ ವಿಡಿಕಂ. ಇವರಿಬ್ಬರ ಪಾಡ್‌ಕಾಸ್ಟ್ ಹೆಸರು 'ಪೇರೆಂಟಿಂಗ್ ಹೆಲ್'. ಮಕ್ಕಳನ್ನ ಸಾಕೋ ನರಕ ಅಂತ ಇಟ್ಕೊಳ್ಳಿ.

ಆ ಪಾಡ್‌ಕಾಸ್ಟ್ ಶುರುವಾಗೋದೇ ಚೆಂದ. ಭರ್ಜರಿ ಸಂಗೀತ ಇಲ್ಲ, ಗಡುಸು ಧ್ವನಿಯ ಪರಿಚಯ ಇಲ್ಲ. ಕೇಳುಗರ ಮನೆಯ ಯಾವುದೋ ಪುಟ್ಟ ಮಗು ಈ ಇಬ್ಬರ ಹೆಸರು ಹೇಳೋಕೆ ಒದ್ದಾಡುತ್ತೆ. 'ರಾಬ್ ಬೆಕೆಟ್' ಅನ್ನೋದು ಹೇಗೋ ದಾಟುತ್ತೆ. 'ವಿಡಿಕಂ' ಅನ್ನೋವಾಗ ನಾಲಿಗೆ ತಿರುಚಿಕೊಂಡು ಏನೇನೋ ಆಗುತ್ತೆ. ಆ ತೊದಲು ಕೇಳಿದ ಮೇಲೇ ಇವರ ಮಾತು. ಈ ಮಾತುಕತೆಯಲ್ಲಿ ದೊಡ್ಡವರು ಯಾರು ಅಂತ ಮೊದಲ ನಿಮಿಷದಲ್ಲೇ ತೀರ್ಮಾನ ಆಗಿಹೋಗುತ್ತೆ.

ಇದು ಶುರುವಾಗಿದ್ದು 2020ರಲ್ಲಿ. ಆ ವರ್ಷ ಯಾರು ಮರೀತಾರೆ ಹೇಳಿ? ಬ್ರಿಟನ್ನಿನಲ್ಲಿ ಮಾರ್ಚ್ 23ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯ್ತು. ಮಾರನೇ ದಿನ, 24ನೇ ತಾರೀಖು ರಾತ್ರಿ ಎಂಟು ಗಂಟೆಗೆ ನಮ್ಮಲ್ಲಿ. ಅಲ್ಲೂ ಶಾಲೆ ಬಂದ್, ಇಲ್ಲೂ ಬಂದ್. ಹಾಸ್ಯಗಾರನಿಗೆ ವೇದಿಕೆಯೇ ಅಂಗಡಿ. ಅಂಗಡಿಗೆ ಬೀಗ ಬಿತ್ತು. ಮನೇಲಿ ಹೆಂಡತಿ, ಮಕ್ಕಳು, ನಾಲ್ಕು ಗೋಡೆ. ಆಗ ಈ ಇಬ್ಬರೂ ಮೈಕ್ ಮುಂದೆ ಕೂತು ತಮ್ಮ ಮನೆಯ ಕಥೆ ಹೇಳೋಕೆ ಶುರು ಮಾಡಿದರು. ಮೊದಲು ಇಟ್ಟ ಹೆಸರಲ್ಲೂ ಲಾಕ್‌ಡೌನ್ ಅನ್ನೋ ಪದ ಇತ್ತು. ಲಾಕ್‌ಡೌನ್ ಮುಗೀತು. ಮಕ್ಕಳು ಸಾಕೋ ಕೆಲಸ ಮುಗಿಯುತ್ತಾ? ಪಾಡ್‌ಕಾಸ್ಟ್ ನಡೀತಾನೇ ಇತ್ತು. 2022ರಲ್ಲಿ ಅದೇ ಹೆಸರಿನ ಪುಸ್ತಕ ಬಂತು. 2023ರಲ್ಲಿ ಸಾವಿರಾರು ಜನ ಕೂರುವ ಅರೆನಾಗಳಲ್ಲಿ ಈ ಹರಟೆಯೇ ಕಾರ್ಯಕ್ರಮ ಆಯ್ತು. ಟಿಕೆಟ್ ಕೊಟ್ಟು ಜನ ಕೇಳಿದರು.

ಏನು ಕೇಳೋಕೆ ಹೋದರು? ಮಗು ರಾತ್ರಿ ಮೂರು ಗಂಟೆಗೆ ಎದ್ದು ಕೂತ ಕಥೆ. ಡೈಪರ್ ಕಥೆ. ಹೇನಿನ ಕಥೆ. ತರಕಾರಿ ತಿನ್ನದ ಮಗುವಿನ ಮುಂದೆ ಸೋತ ಕಥೆ. ಬ್ರಿಟನ್ನಿನ ಶಾಲೆಗಳಲ್ಲಿ ಪ್ರತಿ ಮಾರ್ಚ್‌ನಲ್ಲಿ ಪುಸ್ತಕ ದಿನ ಅಂತ ಮಾಡ್ತಾರೆ. ಮಕ್ಕಳು ಯಾವುದಾದರೂ ಪುಸ್ತಕದ ಪಾತ್ರದ ವೇಷ ಹಾಕ್ಕೊಂಡು ಹೋಗಬೇಕು. ಹಿಂದಿನ ರಾತ್ರಿ ವೇಷ ಹೊಂದಿಸೋ ಪರದಾಟ ಇದೆಯಲ್ಲ, ಅದು ಅಲ್ಲಿನ ಎಲ್ಲ ಮನೆಗಳ ಗೋಳು. ನಮಗೇನು ಹೊಸದಾ ಇದು? ನಾಳೆ ಬೆಳಗ್ಗೆ ಛದ್ಮವೇಷ ಸ್ಪರ್ಧೆ, ಇವತ್ತು ರಾತ್ರಿ ಒಂಬತ್ತೂವರೆಗೆ ಮಗು ಹೇಳುತ್ತೆ, 'ಅಮ್ಮಾ, ನಾನು ಒನಕೆ ಓಬವ್ವ'. ಒನಕೆ ಎಲ್ಲಿಂದ ತರೋದು ಸ್ವಾಮಿ ಆ ಹೊತ್ತಿಗೆ?

ಗಮನಿಸಿ, ಮಗು 'ಅಮ್ಮಾ' ಅಂತ ಹೇಳುತ್ತೆ. 'ಅಪ್ಪಾ' ಅಂತ ಅಲ್ಲ. ನಾನು ಇವತ್ತು ಮಾತಾಡಬೇಕು ಅಂದ್ಕೊಂಡಿರೋದು ಇದರ ಬಗ್ಗೆಯೇ.

ಈ ಇಬ್ಬರ ಹಿನ್ನೆಲೆ ಸ್ವಲ್ಪ ಕೇಳಿ. ರಾಬ್ ಲಂಡನ್ನಿನ ದುಡಿಯುವ ವರ್ಗದ ಮನೆಯಿಂದ ಬಂದವನು. ಬಡತನದ ಕಡೆಯಿಂದ ಬಂದ ಅಪ್ಪ, ಅನುಕೂಲದಲ್ಲಿ ಬೆಳೀತಿರೋ ಮಕ್ಕಳು, ಇವರ ನಡುವಿನ ಅಂತರದ ಬಗ್ಗೆ 2021ರಲ್ಲಿ ಪುಸ್ತಕವನ್ನೇ ಬರೆದ. ತನ್ನ ಉದ್ದ ಹಲ್ಲಿನ ಬಗ್ಗೆ ತಾನೇ ಜೋಕ್ ಹೊಡ್ಕೊಳ್ಳೋ ಮನುಷ್ಯ. ಜಾಶ್ ಬೆಳೆದಿದ್ದು ಡೆವನ್ ಅನ್ನೋ ಹಳ್ಳಿಗಾಡಿನಲ್ಲಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಸಮಯದಲ್ಲಿ ಶುರುವಾದ 'ದಿ ಲಾಸ್ಟ್ ಲೆಗ್' ಅನ್ನೋ ಟಿವಿ ಶೋನಿಂದ ಮನೆಮಾತಾದವನು. 2021ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ಇವನ ವಂಶಾವಳಿ ಹುಡುಕ್ತಾ ಹೋದರು. ಎಲ್ಲಿಗೆ ಹೋಗಿ ಮುಟ್ಟಿತು ಗೊತ್ತಾ? ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ತನಕ! ಮೈಯಲ್ಲಿ ರಾಜರ ರಕ್ತ. ಕೈಯಲ್ಲಿ ಮಗುವಿನ ಡೈಪರ್. ಮಗುವಿಗೆ ವಂಶಾವಳಿ ಕಟ್ಕೊಂಡು ಏನಾಗಬೇಕು?

ಇನ್ನೊಂದು ಸಂಗತಿ. ಇಲ್ಲಿ ಇಬ್ಬರು ಇರೋದು ಮುಖ್ಯ. ಒಬ್ಬನೇ ಕೂತು ತನ್ನ ಮನೆಯ ಕಷ್ಟ ಹೇಳಿದರೆ ಅದು ಗೋಳಾಗುತ್ತೆ, ಇಲ್ಲ ಉಪದೇಶ ಆಗುತ್ತೆ. ಇಬ್ಬರು ಕೂತಾಗ ಒಬ್ಬ ಹೇಳ್ತಾನೆ, ಇನ್ನೊಬ್ಬ 'ನಮ್ಮನೇಲೂ ಅದೇ ಕಥೆ ಮಾರಾಯ' ಅಂತಾನೆ. ಒಬ್ಬ ಕೊಚ್ಚಿಕೊಂಡರೆ ಇನ್ನೊಬ್ಬ ಅಲ್ಲೇ ಕಾಲೆಳೀತಾನೆ. ನಮ್ಮ ಗಂಡಸರು ಗೆಳೆಯರ ಜೊತೆ ಏನು ಮಾತಾಡ್ತಾರೆ ನೋಡಿ. ಕ್ರಿಕೆಟ್, ಸೈಟು, ಸಾಲದ ಬಡ್ಡಿ, ರಾಜಕೀಯ, ಯಾರು ಯಾವ ಕಾರ್ ತಗೊಂಡರು. ಇಪ್ಪತ್ತು ವರ್ಷದ ಗೆಳೆತನ ಇರುತ್ತೆ. 'ಮಗ ನನ್ನ ಹತ್ತಿರ ಮಾತಾಡ್ತಿಲ್ಲ ಕಣೋ, ಏನ್ ಮಾಡ್ಲಿ ಗೊತ್ತಾಗ್ತಿಲ್ಲ' ಅನ್ನೋ ಒಂದು ಮಾತು ಬಾಯಿಂದ ಬರಲ್ಲ. ಬಂದರೂ ಎದುರಿಗಿದ್ದವನಿಗೆ ಏನು ಹೇಳಬೇಕು ಅಂತ ತಿಳಿಯಲ್ಲ. 'ಎಲ್ಲ ಸರಿ ಹೋಗುತ್ತೆ ಬಿಡು' ಅಂತ ಟೀ ಲೋಟ ಕೆಳಗಿಡ್ತಾನೆ.

ಲಾಕ್‌ಡೌನ್‌ಗೆ ಸ್ವಲ್ಪ ಮೊದಲು, ಅತಿಯಾದ ಕೆಲಸದಿಂದ ತನ್ನ ಮನಸ್ಸು ಪೂರ್ತಿ ಕುಸಿದಿತ್ತು ಅಂತ ಇದೇ ರಾಬ್ ಬೆಕೆಟ್ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಹೊರಗಿನಿಂದ ನೋಡಿದರೆ ಟಿವಿ, ಹಣ, ಹೆಸರು ಎಲ್ಲ ಇತ್ತು. ಲೋಕವನ್ನೆಲ್ಲ ನಗಿಸೋ ಗಂಡಸು ತನ್ನ ಒಳಗಿನದ್ದನ್ನ ಹೇಳೋಕೆ ಒಂದು ಜಾಗ ಹುಡುಕ್ತಾನೆ ಅಂದರೆ, ಉಳಿದ ಗಂಡಸರ ಪಾಡೇನು? ಈ ಹರಟೆಯನ್ನ ಬರೀ ಟೈಮ್‌ಪಾಸ್ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಾಗದೇ ಇರೋದು ಇದಕ್ಕೇ.

ಅತಿಥಿಗಳು ಬಂದಾಗ ಇವರು ಕೊನೆಯಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ಅದರ ಸಾರಾಂಶ ಇಷ್ಟು: ಮಕ್ಕಳ ವಿಷಯದಲ್ಲಿ ನಿಮ್ಮ ಸಂಗಾತಿ ಮಾಡೋ ಯಾವ ಕೆಲಸ ನೋಡಿ ನಿಮಗೆ ಬೆರಗಾಗುತ್ತೆ? ಯಾವುದು ನೋಡಿದರೆ ಕಿರಿಕಿರಿ ಆಗುತ್ತೆ? ಆ ಕಿರಿಕಿರಿ ಎಂಥದ್ದಿರಬೇಕು ಅಂದರೆ, ಸಂಗಾತಿ ಕೇಳಿಸಿಕೊಂಡರೂ 'ಹೌದು, ಅದು ನಿಜ' ಅಂತ ಒಪ್ಪಬೇಕು. ಎಂಥ ಜಾಣ ಪ್ರಶ್ನೆ ನೋಡಿ. ಬರೀ ದೂರು ಹೇಳೋಕಾಗಲ್ಲ, ಹೊಗಳಬೇಕು. ಬರೀ ಹೊಗಳೋಕಾಗಲ್ಲ, ನಿಜ ಹೇಳಬೇಕು.

ಇದನ್ನ ನಮ್ಮ ಹಾಸ್ಯ ವೇದಿಕೆಗಳ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಹಾಸ್ಯೋತ್ಸವಕ್ಕೆ ಬರ ಇಲ್ಲ, ಹಾಸ್ಯಗಾರರಿಗೂ ಬರ ಇಲ್ಲ. ಒಳ್ಳೊಳ್ಳೆಯವರಿದ್ದಾರೆ. ಆದರೆ ಅರ್ಧ ಗಂಟೆ ಕೂತು ಎಣಿಸಿ. ಹೆಂಡತಿ ಜೋಕ್ ಎಷ್ಟು ಬರುತ್ತೆ? ಹೆಂಡತಿಯ ಅಡುಗೆ, ಹೆಂಡತಿಯ ಸೀರೆ, ಹೆಂಡತಿಯ ತವರುಮನೆ, ಹೆಂಡತಿಯ ಬಾಯಿ. ಗಂಡ ಯಾವಾಗಲೂ ಪಾಪದವನು. ಸಭೆಯಲ್ಲಿ ಕೂತ ಹೆಂಗಸರೂ ನಗ್ತಾರೆ, ನಕ್ಕು ಮನೆಗೆ ಹೋಗಿ ಪಾತ್ರೆ ತೊಳೀತಾರೆ. 'ಪೇರೆಂಟಿಂಗ್ ಹೆಲ್'ನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನೋದು ಗಂಡಂದಿರೇ. ಮರೆತದ್ದು ಗಂಡ, ಎಡವಿದ್ದು ಗಂಡ, ಮಗುವಿನ ಮುಂದೆ ಪೆದ್ದನಾಗಿದ್ದು ಗಂಡ. ಹಾಗೆ ತಮ್ಮ ತಲೆ ಮೇಲೆ ತಾವೇ ಕುಟ್ಟಿಕೊಂಡರೂ ಜನ ಅರೆನಾ ತುಂಬಾ ಬಂದು ನಗ್ತಾರೆ. ಅಂದರೆ ಹೆಂಡತಿಯನ್ನ ಬಿಟ್ಟರೂ ಹಾಸ್ಯಕ್ಕೆ ಸರಕು ಇದೆ!

ಈಗ ನಗು ಸಾಕು, ಲೆಕ್ಕ ನೋಡೋಣ. ನಮ್ಮ ರಾಷ್ಟ್ರೀಯ ಅಂಕಿಅಂಶ ಕಚೇರಿ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತು. ಜನ ದಿನದ 24 ಗಂಟೆಯನ್ನ ಯಾವ ಯಾವ ಕೆಲಸಕ್ಕೆ ಕೊಡ್ತಾರೆ ಅನ್ನೋ ಲೆಕ್ಕ. ಸಂಬಳವಿಲ್ಲದ ಮನೆಗೆಲಸಕ್ಕೆ, ಅಂದರೆ ಅಡುಗೆ, ಕಸ, ಬಟ್ಟೆ, ಪಾತ್ರೆಗೆ, ಒಬ್ಬ ಹೆಂಗಸು ದಿನಕ್ಕೆ ಕೊಡೋದು 289 ನಿಮಿಷ. ಗಂಡಸು ಕೊಡೋದು 88 ನಿಮಿಷ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಈ 88 ನಿಮಿಷ ಮನೆಗೆಲಸಕ್ಕೆ ಕೈ ಹಾಕೋ ಗಂಡಸರ ಸರಾಸರಿ ಮಾತ್ರ. ಕೈಯನ್ನೇ ಹಾಕದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನು ಮನೆಯ ಮಕ್ಕಳು, ವಯಸ್ಸಾದವರ ಆರೈಕೆ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಜನ ಈ ಕೆಲಸ ಮಾಡ್ತಾರೆ. ಗಂಡಸರಲ್ಲಿ ನೂರಕ್ಕೆ 21. ಹೆಂಗಸರು ಕೊಡೋ ಸಮಯ ದಿನಕ್ಕೆ 140 ನಿಮಿಷ, ಗಂಡಸರದ್ದು 74.

ಇದಕ್ಕೆಲ್ಲ ಗಂಡಸರ ಸೋಮಾರಿತನ ಒಂದೇ ಕಾರಣ ಅಂತ ನಾನು ಹೇಳಲ್ಲ. ವ್ಯವಸ್ಥೆಯೂ ಹಾಗೇ ಇದೆ. ತಾಯಿಗೆ 26 ವಾರ ಹೆರಿಗೆ ರಜೆ ಅಂತ 2017ರಲ್ಲಿ ಕಾನೂನು ತಿದ್ದುಪಡಿ ಆಯ್ತು, ಒಳ್ಳೇದು. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯಲ್ಲಿದ್ದರೆ ಕೊಡಲೇಬೇಕು ಅನ್ನೋ ಕಾನೂನೇ ಇಲ್ಲ, ಮಾಲೀಕನ ಮರ್ಜಿ. ಬ್ರಿಟನ್ನಿನಲ್ಲೂ ಅಂಥ ಸ್ವರ್ಗ ಏನಿಲ್ಲ, ಅಪ್ಪಂದಿರಿಗೆ ಕಾನೂನಿನ ಪ್ರಕಾರ ಸಿಗೋದು ಎರಡು ವಾರ. ಆಟೋ ಓಡಿಸೋ ಅಪ್ಪನಿಗೆ, ಗಾರೆ ಕೆಲಸದ ಅಪ್ಪನಿಗೆ, ಮನೆ ಮನೆಗೆ ಊಟ ತಲುಪಿಸೋ ಹುಡುಗನಿಗೆ ಮಗು ಹುಟ್ಟಿದ ದಿನವೂ ದುಡಿಮೆ ಇರುತ್ತೆ. ಅವತ್ತು ಮನೇಲಿದ್ದರೆ ಅವತ್ತಿನ ಕೂಲಿ ಇಲ್ಲ.

ಹಾಗಾದರೆ ಈ ಪಾಡ್‌ಕಾಸ್ಟ್ ಆಹಾ ಓಹೋ ಅನ್ನೋ ಹಾಗಿದೆಯಾ? ಎರಡು ಪ್ರಶ್ನೆ ಇವೆ, ಕೇಳಲೇಬೇಕು.

ಮೊದಲನೆಯದು. ರಾತ್ರಿ ನಿದ್ದೆ ಇಲ್ಲ, ಮಗು ಊಟ ಮಾಡಲ್ಲ, ಸುಸ್ತಾಗಿದೆ ಅಂತ ಅಮ್ಮಂದಿರು ಎಷ್ಟು ತಲೆಮಾರಿನಿಂದ ಹೇಳ್ತಿದ್ದಾರೆ? ಅವರು ಹೇಳಿದರೆ ಗೊಣಗಾಟ. 'ನೀನೊಬ್ಬಳೇನಾ ಹೆತ್ತಿರೋದು' ಅಂತ ಬಾಯಿ ಮುಚ್ಚಿಸ್ತೀವಿ. ಅದನ್ನೇ ಇಬ್ಬರು ಗಂಡಸರು ಹೇಳಿದರೆ ಹಾಸ್ಯ, ಚಪ್ಪಾಳೆ, ಟಿಕೆಟ್. ಅಪ್ಪ ಒಂದು ಸಲ ಮಗುವಿನ ಜಡೆ ಹಾಕಿದರೆ ಫೋಟೋ ತೆಗೆದು ಸ್ಟೇಟಸ್ ಹಾಕ್ತೀವಿ. ಅಮ್ಮ ದಿನಾ ಹಾಕೋ ಜಡೆಗೆ ಸ್ಟೇಟಸ್ ಎಲ್ಲಿದೆ? ನಗಿಸೋದು ಒಂದು, ಮಾಡೋದು ಇನ್ನೊಂದು. ಎಡವಿದ್ದನ್ನ ಹಾಸ್ಯವಾಗಿ ಹೇಳಿಬಿಟ್ಟರೆ ಎಡವಿದ್ದು ಮಾಫಿ ಆಗಲ್ಲ.

ಎರಡನೆಯದು ಮಗುವಿನ ಪ್ರಶ್ನೆ. ಇವತ್ತು ಅದರ ಹಟ, ಅದರ ಅಳು, ಹಾಸಿಗೆ ಒದ್ದೆ ಮಾಡಿದ ಸಂಗತಿ ಎಲ್ಲಾ ನಮಗೆ ತಮಾಷೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೇಳಿಕೊಳ್ಳೋ ಆಸೆ ಸಹಜ. ಆದರೆ ಮೈಕ್ ಮುಂದೆ ಹೇಳಿದ್ದು, ಮೊಬೈಲಲ್ಲಿ ಹಾಕಿದ್ದು ಅಳಿಸಿ ಹೋಗಲ್ಲ. ಆ ಮಗು ಹದಿನೈದು ವರ್ಷದವನಾದಾಗ ಅವನ ಕ್ಲಾಸಿನ ಹುಡುಗರು ಅದನ್ನ ಹುಡುಕಿ ತೆಗೀತಾರೆ. ಇದು ಹಾಸ್ಯಗಾರರಿಗೆ ಮಾತ್ರ ಹೇಳೋ ಮಾತಲ್ಲ. ಮಗು ಅಳೋದನ್ನ ರೀಲ್ಸ್ ಮಾಡಿ ಲೈಕ್ ಎಣಿಸೋ ಪ್ರತಿಯೊಬ್ಬ ಅಪ್ಪ ಅಮ್ಮನಿಗೂ ಹೇಳೋದು. ನಿಮ್ಮ ಸೋಲಿನ ಕಥೆ ಹೇಳಿ, ಅದು ನಿಮ್ಮದು. ಮಗುವಿನ ಮಾನ ನಿಮ್ಮದಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ನಾನು ಈ ಇಬ್ಬರ ಹರಟೆಯ ಪರ. ಯಾಕಂದರೆ ಬಾಯಿ ಬಿಡದೇ ಇರೋ ಗಂಡಸು ಮನೆಯೊಳಗೆ ಅತಿಥಿಯಾಗೇ ಉಳೀತಾನೆ. ಸಂಬಳ ತಂದುಕೊಡ್ತಾನೆ, ಊಟ ಮಾಡ್ತಾನೆ, ಟಿವಿ ನೋಡ್ತಾನೆ, ಮಲಗ್ತಾನೆ. ಮಕ್ಕಳು ಅವನಿಗೆ ಮಾರ್ಕ್ಸ್ ಕಾರ್ಡ್ ತೋರಿಸೋಕೆ ಮಾತ್ರ ಬರ್ತಾರೆ. 'ನನಗೆ ಇದು ಬರಲ್ಲ, ಕಲೀಬೇಕು' ಅಂತ ನಗ್ತಾ ಹೇಳಿಕೊಂಡ ದಿನ ಅವನು ಆ ಮನೆಯವನಾಗೋಕೆ ಶುರುವಾಗ್ತಾನೆ. ಅದಕ್ಕೆ ಪಾಡ್‌ಕಾಸ್ಟ್ ಬೇಕಿಲ್ಲ, ಮೈಕ್ ಬೇಕಿಲ್ಲ. ಒಬ್ಬ ಗೆಳೆಯ ಸಾಕು.

ಈ ಹೊತ್ತಿನಲ್ಲಿ ಟಿವಿ ಮುಂದೆ ಕೂತಿರೋ ಅಪ್ಪಂದಿರಿಗೆ ಮೂರು ಪ್ರಶ್ನೆ. ನಿಮ್ಮ ಮಗುವಿನ ಕ್ಲಾಸ್ ಟೀಚರ್ ಹೆಸರೇನು? ಅದರ ಚಪ್ಪಲಿ ಸೈಜ್ ಎಷ್ಟು? ಶಾಲೆಯಲ್ಲಿ ಅದು ಯಾರ ಪಕ್ಕ ಕೂರುತ್ತೆ?

ಮೂರಕ್ಕೂ ಉತ್ತರ ಗೊತ್ತಿದ್ದರೆ ಭೇಷ್. ಗೊತ್ತಿಲ್ಲದಿದ್ದರೆ ಹೆಂಡತಿಯನ್ನ ಕೇಳಬೇಡಿ, ಅವರಿಗೆ ಗೊತ್ತೇ ಇರುತ್ತೆ. ಮಗು ಇನ್ನೂ ಮಲಗಿಲ್ಲ ಅಂದರೆ ಟಿವಿ ಆರಿಸಿ, ಹೋಗಿ ಅದನ್ನೇ ಕೇಳಿ. ನನ್ನ ಮುಂದಿನ ಸುದ್ದಿ ನಾಳೆ ನೋಡಿದರೂ ನಡೆಯುತ್ತೆ.