ಆರ್‌ಸಿಯಲ್ಲಿ ನಮ್ಮ ಹೆಸರು: ಓಡುವ ಹಳೆ ಕಾರು ಕೊಳ್ಳುವ ಮುನ್ನ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ, ನಿಗಡಿ)



ಹಬ್ಬದ ಅಡುಗೆ, ಮಂಡಿನೋವು, ಮ್ಯೂಚುವಲ್ ಫಂಡ್ ಎಲ್ಲವೂ ನಮ್ಮ ವೇದಿಕೆಯಲ್ಲಿ ಆಗಿವೆ. ಈ ಸಲ ನನಗೆ ಕೊಟ್ಟ ವಿಷಯ ‘ಸೆಕೆಂಡ್ ಹ್ಯಾಂಡ್ ಕಾರು, ಅದೂ ಜೋರಾಗಿ ಓಡುವ ಕಾರು’. ಕಳೆದ ವರ್ಷ ನಾನು ಅಂಥದ್ದೊಂದನ್ನು ಕೊಂಡದ್ದರಿಂದ ಈ ಶಿಕ್ಷೆ! ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು ಹಳೆ ಕಾರು ಕೊಂಡಿರಲಿಲ್ಲ ಅನ್ನಿಸುತ್ತದೆ. ಕೊಂಡಿದ್ದರೆ ಗಾದೆಗೆ ಮೂರನೆಯ ಸಾಲು ಸೇರುತ್ತಿತ್ತು.

ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕಪತ್ರದ ಕೆಲಸ ಮಾಡುವವಳು. ಈ ಖರೀದಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದೂ ಆ ಲೆಕ್ಕದ ಬುದ್ಧಿಯೇ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುತ್ತೇವೆ, ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ನೇಯ್ಗೆ ನೋಡುತ್ತೇವೆ. ಕಾರಿನ ಮಾತು ಬಂದರೆ ಮಾತ್ರ ‘ಅದು ಅವರಿಗೆ ಗೊತ್ತು’ ಎಂದು ಎದ್ದುಬಿಡುತ್ತೇವೆ. ಆ ಜಾಗ ಬಿಟ್ಟುಕೊಡಬೇಡಿ ಎಂದು ಹೇಳಲಿಕ್ಕೇ ಇವತ್ತು ನಿಂತಿದ್ದೇನೆ.

ಮೊದಲು, ಈ ‘ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್’ ಅಂದರೆ ಏನು? ಮನೆಮಂದಿ ಕೂರುವ ಸಣ್ಣ ಕಾರಿಗೆ ಶಕ್ತಿಯುತ ಎಂಜಿನ್ ಹಾಕಿ, ಸಸ್ಪೆನ್ಷನ್ ಸ್ವಲ್ಪ ಬಿಗಿ ಮಾಡಿದರೆ ಅದೇ. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಬಗೆಯನ್ನು ಜನಪ್ರಿಯ ಮಾಡಿತು. ಅದರ ಸೀಟಿನ ಪ್ರಸಿದ್ಧ ಚೌಕಳಿ ಬಟ್ಟೆ, ಗಾಲ್ಫ್ ಚೆಂಡಿನ ಆಕಾರದ ಗೇರ್ ಹಿಡಿ, ಎರಡನ್ನೂ ಯೋಚಿಸಿದವರು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆ. ವೇಗದ ಕಾರು ಗಂಡಸರ ಆಟಿಕೆ ಅನ್ನುವವರಿಗೆ ಇದನ್ನು ಹೇಳಿ.

ನಮ್ಮ ಊರಿಗೂ ಇಂಥ ಕಾರುಗಳಿಗೂ ಹತ್ತಿರದ ನಂಟು. ತಳವಡೆ ದಾಟಿ ಹೋದರೆ ಸಿಗುವ ಚಾಕಣದ ಕಾರ್ಖಾನೆ 2009ರಲ್ಲಿ ಉದ್ಘಾಟನೆಯಾಯಿತು. ಪೋಲೋ ಕಾರು ಅಲ್ಲಿಂದಲೇ ಹೊರಬಂದದ್ದು. ಅದರ ಜಿಟಿ ಟಿಎಸ್‌ಐ ಮಾದರಿ 2013ರಲ್ಲಿ ಬಂತು: 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. 2020ರಲ್ಲಿ ಅದರ ಬದಲು 1.0 ಲೀಟರ್, 110 ಪಿಎಸ್ ಎಂಜಿನ್ ಬಂತು. 2022ರಲ್ಲಿ ಪೋಲೋ ತಯಾರಿಕೆಯೇ ನಿಂತಿತು. ರಾಂಜಣಗಾವ್‌ನಲ್ಲಿ ತಯಾರಾದ ಫಿಯಟ್ ಅಬಾರ್ಥ್ ಪುಂಟೋ ಕೂಡ ನೆರೆಯೂರಿನ ಕೂಸೇ. ಆದರೆ ಈಗ ಆ ಕಂಪನಿ ಇಲ್ಲಿ ಫಿಯಟ್ ಹೆಸರಿನ ಕಾರು ಮಾರುವುದಿಲ್ಲ. ಹಾಗಾಗಿ ಬಿಡಿಭಾಗಕ್ಕೆ ಹುಡುಕಾಟ. ಮಾರುತಿಯ ಬಲೆನೋ ಆರ್‌ಎಸ್, ಟಾಟಾದ ಟಿಯಾಗೊ ಜೆಟಿಪಿ ಕೂಡ ಹೊಸದಾಗಿ ಸಿಗುವುದಿಲ್ಲ. ಹ್ಯುಂಡೈ ಐ20 ಎನ್ ಲೈನ್ 2021ರಿಂದ ಇದೆ. ಅಂದರೆ ಇವುಗಳಲ್ಲಿ ಹೆಚ್ಚಿನವು ಬೇಕೆಂದರೆ ಹಳೆಯದನ್ನೇ ಕೊಳ್ಳಬೇಕು.

ನಾನು ಪೋಲೋ ಜಿಟಿ ಟಿಎಸ್‌ಐ ಹುಡುಕಿದ್ದಕ್ಕೆ ಕಾರಣವಿದೆ. ವರ್ಷಕ್ಕೆ ನಾಲ್ಕಾರು ಸಲ ಧಾರವಾಡಕ್ಕೆ ಅಮ್ಮನ ಬಳಿ ಹೋಗಬೇಕು. ಸಾತಾರೆ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ದಾರಿಯುದ್ದಕ್ಕೂ ಲಾರಿಗಳು. ಖಂಬಾಟ್ಕಿ ಘಾಟ್ ಏರುವಾಗ ಲಾರಿಯ ಪಕ್ಕದಲ್ಲಿ ಎಂಜಿನ್ ಉಸಿರುಗಟ್ಟಿದರೆ ಜೀವ ಕೈಗೆ ಬರುತ್ತದೆ. ಬೇಗ ದಾಟಿ ಮುಂದೆ ಹೋಗುವ ಶಕ್ತಿ ನನ್ನಂಥ ಒಂಟಿ ಪಯಣಿಗಳಿಗೆ ಸುರಕ್ಷತೆ. ಗ್ಲೋಬಲ್ ಎನ್‌ಸಿಎಪಿ 2014ರಲ್ಲಿ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ನಕ್ಷತ್ರ, ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೋಗೆ 4 ನಕ್ಷತ್ರ ಬಂದಿತ್ತು. ಜಿಟಿಯಲ್ಲಿ ಏರ್‌ಬ್ಯಾಗ್ ಇದ್ದೇ ಇರುತ್ತದೆ. ಅದೂ ಮನಸ್ಸಿಗೆ ಬಂತು.

ಎರಡು ತಿಂಗಳಲ್ಲಿ ಒಂಬತ್ತು ಕಾರು ನೋಡಿದೆ. ಒಬ್ಬ ಮಧ್ಯವರ್ತಿ ಪ್ರಶ್ನೆ ಕೇಳಿದ್ದು ನಾನು, ಉತ್ತರ ಕೊಟ್ಟದ್ದು ನಮ್ಮ ಮನೆಯವರಿಗೆ! ಇನ್ನೊಬ್ಬ ‘ಮೇಡಂ, ಬಿಳಿ ಬಣ್ಣದ್ದು ಇದೆ, ನಿಮಗೆ ಚೆನ್ನಾಗಿ ಒಪ್ಪುತ್ತದೆ’ ಅಂದ. ಆಮೇಲೆ ನಾನೊಂದು ರೂಢಿ ಮಾಡಿಕೊಂಡೆ. ಕಾರು ತೋರಿಸುವ ಮೊದಲೇ ಕಾಗದ ಕೇಳುತ್ತಿದ್ದೆ. ಕಾಗದ ಕೇಳಿದ ಕೂಡಲೆ ಮಾತಿನ ಧಾಟಿ ಬದಲಾಗುತ್ತದೆ, ನೋಡಿ ಬೇಕಾದರೆ.

ಯಾವ ಕಾಗದ? ಆರ್‌ಸಿ, ವಿಮೆ, ಮಾಲಿನ್ಯ ಪ್ರಮಾಣಪತ್ರ, ಸರ್ವಿಸ್ ಬಿಲ್ಲುಗಳು. ಆರ್‌ಸಿಯ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿರುವುದರ ಜೊತೆ ಅಂಕಿ ಅಂಕಿಯಾಗಿ ಹೊಂದಿಸಿ ನೋಡಿ. ಪರಿವಾಹನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ ಎಷ್ಟನೆಯ ಮಾಲೀಕರು, ವಿಮೆ ಯಾವಾಗ ಮುಗಿಯುತ್ತದೆ, ಸಾಲ ಇದೆಯೇ ಎಂದು ಕಾಣುತ್ತದೆ. ಇ-ಚಲನ್ ಬಾಕಿಯನ್ನೂ ಅಲ್ಲೇ ನೋಡಬಹುದು. ಓಡಿಸುವವರ ಸ್ವಭಾವ ಎಂಥದು ಎಂದು ವೇಗದ ಚಲನ್‌ಗಳ ಪಟ್ಟಿಯೇ ಹೇಳುತ್ತದೆ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಬಿಲ್ಲಿನ ಕಿಲೋಮೀಟರ್ ಬರೆದುಕೊಳ್ಳಿ. ಸಂಖ್ಯೆ ಒಂದೇ ಲಯದಲ್ಲಿ ಏರಬೇಕು. ನಾನು ನೋಡಿದ ಒಂದು ಕಾರಿನಲ್ಲಿ 2021ರ ಬಿಲ್ಲು 61,000 ಕಿಲೋಮೀಟರ್ ಹೇಳುತ್ತಿತ್ತು, ಮೀಟರ್ ಮಾತ್ರ 43,000 ತೋರಿಸುತ್ತಿತ್ತು. ನಾನು ಬಿಲ್ಲು ಮುಂದೆ ಇಟ್ಟೆ, ಆತ ಚಹಾ ತರಿಸಲು ಹೊರಟ! ಬಿಲ್ಲು ಇಲ್ಲದಿದ್ದರೆ ಪೆಡಲ್‌ನ ರಬ್ಬರ್, ಸ್ಟೀರಿಂಗ್‌ನ ಚರ್ಮ, ಚಾಲಕರ ಸೀಟಿನ ಅಂಚು ನೋಡಿ. ಅವು ಸವೆದಿದ್ದು ಮೀಟರ್ ಮಾತ್ರ ಎಳೆಯದಾಗಿದ್ದರೆ ಎದ್ದು ಬನ್ನಿ.

ಈಗ ಕಾರಿನ ಮೈ. ಹಗಲು ಬೆಳಕಿನಲ್ಲಿ ಮಾತ್ರ ನೋಡಿ, ಮಳೆಯಲ್ಲಿ, ರಾತ್ರಿ ನೋಡಬೇಡಿ. ಬಾಗಿಲು ಮತ್ತು ಬಾನೆಟ್‌ನ ಸಂದು ಎರಡೂ ಕಡೆ ಸಮ ಇರಬೇಕು. ಬಾನೆಟ್‌ನ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗೀರು ಇದ್ದರೆ ಯಾಕೆ ಬಿಚ್ಚಿದರು ಎಂದು ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆ ಇರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು, ಆರದೇ ಇದ್ದರೆ ದೋಷ ಇದೆ.

ಟರ್ಬೊ ಎಂಜಿನ್ ನೋಡುವ ಕ್ರಮ ಸ್ವಲ್ಪ ಬೇರೆ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ‘ಈಗ ತಾನೇ ಒಂದು ಸುತ್ತು ಹೋಗಿ ಬಂದೆ’ ಅಂದರೆ ಇನ್ನೊಂದು ಬೆಳಿಗ್ಗೆ ಬರುತ್ತೇನೆ ಅನ್ನಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಟರ್ಬೊ ಒಳಗಿನ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಜೀವ ಇರುವುದು ಎಂಜಿನ್ ಆಯಿಲ್‌ನಲ್ಲಿ. ಹಾಗಾಗಿ ಆಯಿಲ್ ಬದಲಾಯಿಸಿದ ಬಿಲ್ಲು ನನ್ನ ಮಟ್ಟಿಗೆ ಹೊಳೆಯುವ ಪೇಂಟಿಗಿಂತ ಬೆಲೆಯುಳ್ಳದ್ದು.

ಡಿಎಸ್‌ಜಿ ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್. ಒಂದು ಬೆಸ ಗೇರುಗಳಿಗೆ, ಒಂದು ಸಮ ಗೇರುಗಳಿಗೆ. ಅದಕ್ಕೇ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಆದರೆ ಈ 7 ಗೇರಿನದು ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸಿದರೆ ಬಿಸಿಯಾಗುತ್ತದೆ. ಆದ್ದರಿಂದ ಟೆಸ್ಟ್ ಡ್ರೈವ್‌ಗೆ ಖಾಲಿ ರಸ್ತೆಯೊಂದೇ ಸಾಲದು. ನಾನು ಭಕ್ತಿ ಶಕ್ತಿ ಚೌಕದಿಂದ ಮೆಟ್ರೊ ಕೆಲಸ ನಡೆದಿರುವ ರಸ್ತೆಯಲ್ಲಿ ಪಿಂಪ್ರಿ ಕಡೆಗೆ ಹೋದೆ, ಆಮೇಲೆ ತಿರುಗಿಸಿ ದೇಹು ರೋಡ್ ಕಡೆಗೆ ಬಂದೆ. ನಿಂತಲ್ಲಿಂದ ಹೊರಡುವಾಗ, ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ನಡುಕ ಇರಬಾರದು. ರಿವರ್ಸ್ ಹಾಕಿದಾಗ ದಡಕ್ ಅನ್ನಬಾರದು. ಈ ಗೇರ್‌ಬಾಕ್ಸ್ ನಡೆಸುವ ಮೆಕಾಟ್ರಾನಿಕ್ಸ್ ಘಟಕ ಕೆಟ್ಟರೆ ಖರ್ಚು ಲಕ್ಷ ದಾಟುವುದುಂಟು.

ಇನ್ನೊಂದು ವಿಷಯ ಇಂಥ ಕಾರುಗಳಿಗೆ ವಿಶೇಷ. ಹುಡುಗರು ಎಂಜಿನ್‌ನ ಕಂಪ್ಯೂಟರನ್ನು ಬದಲಿಸಿ ಇನ್ನಷ್ಟು ಶಕ್ತಿ ಎಳೆದಿರುತ್ತಾರೆ. ‘ರೀಮ್ಯಾಪ್’ ಅನ್ನುತ್ತಾರೆ. ಮಾರುವಾಗ ಮೊದಲಿನ ಸಾಫ್ಟ್‌ವೇರ್ ಹಾಕಿ ಕೊಟ್ಟರೆ ಕಣ್ಣಿಗೆ ಏನೂ ಕಾಣದು. ಕ್ಲಚ್ ಮತ್ತು ಟರ್ಬೊ ಮಾತ್ರ ಅದನ್ನೆಲ್ಲ ಅನುಭವಿಸಿರುತ್ತವೆ. ಬೇರೆ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಇದ್ದರೆ ಅನುಮಾನ ಪಡಿ. ನೇರವಾಗಿ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಒಪ್ಪುವುದಿಲ್ಲ. ವಿಮಾ ಕಂಪನಿಯೂ ತಕರಾರು ತೆಗೆಯಬಹುದು. ಕೊನೆಗೆ ಈ ಕಾರುಗಳನ್ನು ಬಲ್ಲ ಸ್ವತಂತ್ರ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಸ್ಕ್ಯಾನರ್ ಹಾಕಿಸಿ. ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ.

ನಮ್ಮಲ್ಲಿ ಅನೇಕರಿಗೆ ಬೆಂಗಳೂರು, ಹುಬ್ಬಳ್ಳಿಯ ನೆಂಟರು ‘ನಮ್ಮ ಕಾರೇ ತಗೊಳ್ಳಿ’ ಅನ್ನುತ್ತಾರೆ. ನಂಬಿಕೆಯ ಗಾಡಿ, ಒಳ್ಳೆಯದೇ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಫಾರ್ಮ್ 28ರ ಎನ್‌ಒಸಿ, ಇಲ್ಲಿ ಹೊಸದಾಗಿ ರಸ್ತೆ ತೆರಿಗೆ, ಅಲ್ಲಿಯ ತೆರಿಗೆ ವಾಪಸಿಗೆ ಅರ್ಜಿ. ಇವನ್ನೆಲ್ಲ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ನಾನು ಎಂಎಚ್ 14 ಗಾಡಿಯನ್ನೇ ನೋಡಿದ್ದಕ್ಕೆ ಇದೂ ಒಂದು ಕಾರಣ.

ಬೆಲೆ ಕಟ್ಟುವಾಗ ಹೊಸ ಕಾರುಗಳ ಬೆಲೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಮೊದಲು 28 ಇತ್ತು, ಮೇಲೆ ಸೆಸ್ ಬೇರೆ. ಹೊಸದು ಅಗ್ಗವಾದ ಮೇಲೆ ಹಳೆಯದಕ್ಕೆ ಹಳೆಯ ಬೆಲೆ ಯಾಕೆ ಕೊಡಬೇಕು?

ನಾನು ಕೊಂಡದ್ದು 2017ರ ಗಾಡಿ, ಮೊದಲ ಮಾಲೀಕರದು, 48,000 ಕಿಲೋಮೀಟರ್ ಓಡಿದ್ದು, ಐದೂವರೆ ಲಕ್ಷಕ್ಕೆ. ಹುಡುಕಲು ಕೂರುವ ಮೊದಲೇ ಇನ್ನೂ ಒಂದು ಲಕ್ಷ ಬೇರೆ ಎತ್ತಿಟ್ಟಿದ್ದೆ. ಅದರಲ್ಲಿ ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ವಿಮೆ, ಒಂದು ದೊಡ್ಡ ಸರ್ವಿಸ್ ಆಗಿ ಮೂವತ್ತು ಸಾವಿರ ಉಳಿದಿದೆ. ಅದನ್ನು ಗೇರ್‌ಬಾಕ್ಸ್ ಹೆಸರಿಗೆ ಎಫ್‌ಡಿ ಮಾಡಿ ತಿಂಗಳು ತಿಂಗಳು ಎರಡು ಸಾವಿರ ಸೇರಿಸುತ್ತಿದ್ದೇನೆ. ಕೈಯಲ್ಲಿರುವ ಹಣವೆಲ್ಲ ಕಾರಿಗೇ ಹೋದರೆ ಇಂಥ ಕಾರು ಕೊಳ್ಳಬೇಡಿ, ಸಾದಾ ಕಾರು ಕೊಳ್ಳಿ. ಇದು ನನ್ನ ಖಡಾಖಂಡಿತ ಸಲಹೆ.

ಹಣ ಕೊಟ್ಟು ಕೀಲಿ ತಂದರೆ ಮುಗಿಯಲಿಲ್ಲ. ಫಾರ್ಮ್ 29 ಮತ್ತು 30 ಸಹಿ ಆಗಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಮಾರಿದವರ ನೋ ಕ್ಲೇಮ್ ಬೋನಸ್ ನಮಗೆ ಬರುವುದಿಲ್ಲ, ವ್ಯತ್ಯಾಸ ಕಟ್ಟಬೇಕು. ನೀವು ಕಾರು ಮಾರುವವರಾದರೆ ಇನ್ನೂ ಎಚ್ಚರ ಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದು.

ಗೆಳತಿಯರೆ, ನನ್ನ ಮುಖ್ಯ ಮಾತು ಇಲ್ಲಿದೆ. ಕಾನೂನು ನೋಡುವುದು ಆರ್‌ಸಿಯ ಮೇಲಿನ ಹೆಸರನ್ನು. ಯಾರು ಕಂತು ಕಟ್ಟಿದರು, ಯಾರು ಓಡಿಸಿದರು ಎಂದು ಅದು ಕೇಳುವುದಿಲ್ಲ. ನನ್ನ ಪರಿಚಯದ ಒಬ್ಬರು ಆರು ವರ್ಷ ತಮ್ಮ ಸಂಬಳದಿಂದ ಕಾರಿನ ಸಾಲ ತೀರಿಸಿದರು. ಪತಿ ತೀರಿಕೊಂಡ ಮೇಲೆ ಅದೇ ಕಾರಿಗೆ ಫಾರ್ಮ್ 31 ಹಿಡಿದು, ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಅಲೆದರು. ದುಃಖದ ದಿನಗಳಲ್ಲಿ ಆಕೆಗೆ ಅದು ಬೇಕಿರಲಿಲ್ಲ. 2021ರ ತಿದ್ದುಪಡಿಯಿಂದ ಈಗ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಬಹುದು. ಈ ವಾರವೇ ಮನೆಯ ಗಾಡಿಗಳ ಆರ್‌ಸಿ ತೆಗೆದು ನೋಡಿ. ಹಣ ನಿಮ್ಮದಾದರೆ ಹೆಸರೂ ನಿಮ್ಮದಿರಲಿ.

ಈ ಊರಿನಲ್ಲಿ ಕನ್ನಡದ ಹೆಣ್ಣುಮಗಳು ಗಾಡಿಗಳ ಲೋಕಕ್ಕೆ ಕಾಲಿಟ್ಟದ್ದು ಹೊಸದಲ್ಲ. 1974ರಲ್ಲಿ ಟೆಲ್ಕೊ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದಾಗ, ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಯ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ಅವರು ಕೇಳಿದ್ದು ಒಂದೇ ಪ್ರಶ್ನೆ, ನಮಗೆ ಯಾಕಿಲ್ಲ ಎಂದು. ಕಾರಿನ ಅಂಗಡಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಅದಕ್ಕಿಂತ ಬಹಳ ಸುಲಭ: ಬಿಲ್ಲು ಎಲ್ಲಿ, ಸಾಲ ತೀರಿದೆಯೇ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸುತ್ತೀರಾ?

ಯಾರಿಗಾದರೂ ಕಾರು ನೋಡಲು ಜೊತೆ ಬೇಕಿದ್ದರೆ ಹೇಳಿ. ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ, ಟಾರ್ಚು, ಪುಸ್ತಕ, ಪೆನ್ನು ನನ್ನ ಬಳಿ ಇವೆ. ನಾಷ್ಟಾ ಮಾತ್ರ ನಿಮ್ಮದು.